ಮುಖ ಕೆಡಿಸಿಕೊಳ್ಳದೆ ಕೌಂಟರ್‌ನಲ್ಲಿ ನಿಲ್ಲುವುದು

ಹಾಂಗ್‌ಕಾಂಗ್‌ನ ಚಿಮ್ ಶಾ ಚೂಯಿಯಲ್ಲಿ ಒಂದು ಹೋಟೆಲಿನ ಫ್ರಂಟ್ ಆಫೀಸ್ ಕೆಲಸ ನನ್ನದು. ಇಲ್ಲಿನ ಕ್ಯಾಂಟನೀಸ್‌ನಲ್ಲಿ 'ಮಿನ್ ಬಟ್ ಗೊಯ್ ಯುಂಗ್' ಅನ್ನುವ ಮಾತಿದೆ. ಏನೇ ಬಂದರೂ ಮುಖದ ಗೆರೆ ಅಲುಗಾಡದೆ ಇರುವುದು. ಸಿಟ್ಟು ನುಂಗಿಕೊಂಡು ಸುಮ್ನೆ ನಿಂತರೆ ಸಾಕು ಅಂದುಕೊಳ್ಳುವವರೇ ಜಾಸ್ತಿ. ಅಷ್ಟೇ ಅಲ್ಲ ಅಂತ ನಾನು ಕಂಡಿದ್ದು ಸಾವೊಲಾ ಚಂಡಮಾರುತದ ದಿನ.

2023ರ ಸೆಪ್ಟೆಂಬರ್ 1. ಇಲ್ಲಿ ಚಂಡಮಾರುತದ ಎಚ್ಚರಿಕೆಗೆ ನಂಬರ್ ಕೊಡುತ್ತಾರೆ. 1, 3, ಆಮೇಲೆ ನೇರ 8. 8 ಬಂತೆಂದರೆ ಶಾಲೆ, ಆಫೀಸು ಬಂದ್. ಅವತ್ತು ರಾತ್ರಿ 10 ಬಂತು, ಅದಕ್ಕಿಂತ ಮೇಲಿನದು ಇಲ್ಲ. 2018ರ ಮಾಂಗ್‌ಖುಟ್ ಚಂಡಮಾರುತ ಆದ ಮೇಲೆ ಅದೇ ಮೊದಲು. ವಿಮಾನಗಳು ರದ್ದಾಗಿ, ಹೊರಡಬೇಕಿದ್ದವರೆಲ್ಲ ಸೂಟ್‌ಕೇಸ್ ಸಮೇತ ಲಾಬಿಯಲ್ಲೇ ಇದ್ದರು.

ಒಬ್ಬರು ಪಾಸ್‌ಪೋರ್ಟನ್ನು ಕೌಂಟರ್ ಮೇಲೆ ಬಡಿದು ಕೂಗಾಡಿದರು. ನಮ್ಮ ಶಿಫ್ಟ್ ಮ್ಯಾನೇಜರ್, ಐವತ್ತು ದಾಟಿದ ಹೆಂಗಸು, ಹುಬ್ಬು ಕೂಡ ಗಂಟಿಕ್ಕಲಿಲ್ಲ. ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವರ ಕಡೆ ತಿರುಗಿಸಿ ಇಟ್ಟರು. ಒಂದು ಚೀಟಿ ತೆಗೆದು ದಪ್ಪ ಅಕ್ಷರದಲ್ಲಿ ಬರೆದರು: ರಾತ್ರಿ ಹೊರಗೆ ಹೋಗುವಂತಿಲ್ಲ, ನಿಮ್ಮ ರೂಮ್ ನಿಮಗೇ ಇದೆ, ನಿನ್ನೆಯದೇ ರೇಟು, ಊಟ ಸಿಗುತ್ತದೆ. ಕೆಳಗೆ ಏರ್‌ಲೈನ್ ಫೋನ್ ನಂಬರ್. ಅವರು ಓದಿ ಮುಗಿಸುವ ತನಕ ಕಾದರು. ಕೂಗಾಟ ಅರ್ಧಕ್ಕೆ ಇಳಿಯಿತು.

ಚೀಟಿಯಲ್ಲಿದ್ದದ್ದು ಆಗ ಹೊಳೆದದ್ದಲ್ಲ. ಅಡುಗೆಯವರನ್ನು, ರಿಸರ್ವೇಶನ್‌ನವರನ್ನು ಮಧ್ಯಾಹ್ನವೇ ಕೇಳಿ ತಿಳಿದುಕೊಂಡಿದ್ದರು. ಆ ಮುಖಕ್ಕೆ ಬಲ ಬಂದಿದ್ದು ಅಲ್ಲಿಂದ. ಹೇಳಲು ಉತ್ತರ ಇಲ್ಲದಿದ್ದರೆ ಎಷ್ಟು ತಡೆದರೂ ಮುಖ ಬಿಗಿಯುತ್ತದೆ, ಎದುರಿಗಿರುವವರಿಗೆ ಅದು ಕಂಡೇ ಕಾಣುತ್ತದೆ. ಹಾಗೆ ಮುಖ ಗಂಟು ಹಾಕಿಕೊಂಡವರಿಗೆ ಇಲ್ಲಿ 'ಹಾಕ್ ಹೌ ಹಾಕ್ ಮಿನ್' ಅಂತಾರೆ. ಮರಗಟ್ಟಿದ ಮುಖಕ್ಕೆ 'ಮುಕ್ ಹೌ ಮುಕ್ ಮಿನ್'. ಕೌಂಟರ್‌ಗೆ ಎರಡೂ ಆಗಿಬರಲ್ಲ, ಅದರಲ್ಲೂ ಎರಡನೆಯದು ಇನ್ನೂ ಕೆಟ್ಟದ್ದು. ಕಷ್ಟ ಹೇಳಿಕೊಳ್ಳುತ್ತಿರುವವರ ಎದುರು ಏನೂ ಕೇಳಿಸದವರ ಹಾಗೆ ನಿಂತರೆ ಅದು ಅವಮಾನ, ಅಲ್ವಾ?

ಅದೇ ಮ್ಯಾನೇಜರ್ ಆಮೇಲೆ ಒಳಗೆ ಹೋಗಿ ಫೋನಿನಲ್ಲಿ ಜೋರು ಮಾಡಿದ್ದನ್ನೂ ಕೇಳಿದೆ. ಮನೆಗೆ ಹೋಗಲಾಗದ ಹೌಸ್‌ಕೀಪಿಂಗ್‌ನವರಿಗೆ ರೂಮ್ ಕೊಡಲು ಮೇಲಿನವರು ಹಿಂದೆಮುಂದೆ ನೋಡುತ್ತಿದ್ದರು. ಬಿಡದೆ ಕೊಡಿಸಿದರು.

ಈಗ 3ನೇ ಸಿಗ್ನಲ್ ಬಂದಾಗಲೇ ಹೊಸಬರನ್ನು ಕೂರಿಸಿಕೊಂಡು ಬರೆಸುತ್ತೇನೆ. ಯಾವುದು ಖಂಡಿತ ಗೊತ್ತು, ಯಾವುದು ಗೊತ್ತಿಲ್ಲ, ಮತ್ತೆ ಎಷ್ಟು ಗಂಟೆಗೆ ತಿಳಿಸುತ್ತೇವೆ. 'ಇದು ಇನ್ನೂ ಗೊತ್ತಾಗಿಲ್ಲ ಸರ್' ಅನ್ನುವುದನ್ನು ಬಾಯಿಬಿಟ್ಟು ಹೇಳಿಸಿ ರೂಢಿ ಮಾಡಿಸುತ್ತೇನೆ. ಹೊಸಬರ ಮುಖ ಮೊದಲು ಕೆಡುವುದು ಆ ಮಾತಿಗೇ.