ತಾಳಗುಂದದ ಕಂಬದ ಮುಂದೆ

ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ತಾಳಗುಂದ ಅಲ್ಲಿಗೆ ಹತ್ತಿರ. ನಾವು ಹೋದಾಗ ಗುಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಪ್ರಣವೇಶ್ವರನ ಎದುರಿಗೇ ಕಂಬ ನಿಂತಿದೆ. ಎಂಟು ಮುಖದ ಕಲ್ಲು. ಅದರ ಮೇಲೆ ಕೆತ್ತಿದ ಶಾಸನದ ಸಾಲುಗಳು ಕಂಬದ ಉದ್ದಕ್ಕೂ ಸಾಗುತ್ತವೆ, ಕತ್ತು ಓರೆ ಮಾಡಿಯೇ ನೋಡಬೇಕು. ಒಂದೊಂದು ಅಕ್ಷರದ ತಲೆಯ ಮೇಲೂ ಪುಟ್ಟ ಪೆಟ್ಟಿಗೆ ಇಟ್ಟ ಹಾಗೆ ಚೌಕ.

"ಅಪ್ಪಾ, ಇದು ಕನ್ನಡಾನಾ?" ಅಂದಳು ಮಗಳು.

"ಭಾಷೆ ಸಂಸ್ಕೃತ ಪುಟ್ಟಿ. ಅಕ್ಷರ ಮಾತ್ರ ನಮ್ಮ ಕನ್ನಡದ ಅಕ್ಷರಕ್ಕೆ ಮುತ್ತಜ್ಜ."

ಆಮೇಲೆ ಅಲ್ಲೇ ಕೂತು ಕತೆ ಹೇಳಿದೆ. ಸುಮಾರು ಕ್ರಿ.ಶ. 345ರ ಮಾತು. ಇದೇ ಊರಿನ ಹುಡುಗ ಮಯೂರಶರ್ಮ, ಗುರು ವೀರಶರ್ಮನ ಜೊತೆ ವೇದ ಕಲಿಯಲು ಕಂಚಿಯ ಘಟಿಕಾಸ್ಥಾನಕ್ಕೆ, ಅಂದರೆ ಅಲ್ಲಿನ ದೊಡ್ಡ ವಿದ್ಯಾಕೇಂದ್ರಕ್ಕೆ ಹೋದ. ಕಂಚಿ ಪಲ್ಲವರ ರಾಜಧಾನಿ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಹುಡುಗನಿಗೆ ಅವಮಾನ ತಡೆಯಲಾಗಲಿಲ್ಲ. ಗುರುಸೇವೆ ಮಾಡಿ, ಕಷ್ಟಪಟ್ಟು ಓದಿದರೂ ಬ್ರಾಹ್ಮಣ್ಯ ಸಿದ್ಧಿಸುವುದು ರಾಜನ ಕೈಯಲ್ಲೇ ಇದ್ದರೆ ಅದಕ್ಕಿಂತ ದುಃಖ ಇನ್ನೇನಿದೆ ಅಂತ ಅವನು ಕೊರಗಿದ್ದು ಈ ಕಲ್ಲಿನಲ್ಲೇ ಇದೆ. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಪಳಗಿದ್ದ ಕೈ ಕತ್ತಿ ಹಿಡಿಯಿತು.

ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹಳೇ ಕಾಲದಲ್ಲಿ ರಾಜ ಪುರೋಹಿತನ ಕಾಲಿಗೆ ಬೀಳುತ್ತಿದ್ದ ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಇಲ್ಲಿ ನೋಡಿದರೆ, ಓದಿದವನ ಮರ್ಯಾದೆ ಒಬ್ಬ ಸವಾರನ ಎದುರೂ ನಿಲ್ಲಲಿಲ್ಲ.

ಮಯೂರ ಪಲ್ಲವರ ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿದ. ಬೃಹದ್ಬಾಣರು ಎಂಬ ಅರಸರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರೇ ರಾಜಿಯಾಗಿ ಪಟ್ಟ ಕಟ್ಟಿದರು. ಹೀಗೆ ಶುರುವಾದದ್ದೇ ಕದಂಬ ರಾಜವಂಶ. ಆದರೆ ಕಂಬ ಅಷ್ಟಕ್ಕೇ ಬಿಡುವುದಿಲ್ಲ. ಷಡಾನನ, ಅಂದರೆ ಸುಬ್ರಹ್ಮಣ್ಯಸ್ವಾಮಿಯೇ ಅವನನ್ನು ಸೇನಾಪತಿಯಾಗಿ ಅಭಿಷೇಕ ಮಾಡಿದ ಅನ್ನುತ್ತದೆ. ಕತ್ತಿಯಿಂದ ಗೆದ್ದ ರಾಜ್ಯಕ್ಕೂ ದೇವರ ಒಪ್ಪಿಗೆ ಬೇಕಿತ್ತು. ಮಯೂರನ ಮಗನಿಂದಲೇ ಹೆಸರಿನ ಕೊನೆ ಬದಲಾಯಿತು. ಅಪ್ಪನದು ಬ್ರಾಹ್ಮಣರ ಶರ್ಮ, ಮಗನದು ಕ್ಷತ್ರಿಯರ ವರ್ಮ: ಕಂಗವರ್ಮ.

ಅಸಲಿಗೆ ಈ ಶಾಸನ ಹುಟ್ಟಿದ್ದು ಒಂದು ಕೆರೆಗಾಗಿ. ಅದೇ ವಂಶದ ಕಾಕುಸ್ಥವರ್ಮ ಈ ಶಿವನ ಗುಡಿಗೆ ಕೆರೆ ತೋಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೇ ಶತಮಾನದಲ್ಲಿ, ಅದನ್ನು ಬರೆಸಿದರು. ಶಾತಕರ್ಣಿಯಂಥ ದೊಡ್ಡ ರಾಜರು ಪೂಜೆ ಮಾಡಿದ್ದ ದೇವರು ಇವನು ಅಂತಲೂ ಸೇರಿಸಿದರು. ಅಂಥ ಗುಡಿಗೆ ನೀರು ಕೊಟ್ಟವನ ಗೌರವ ಎಷ್ಟು ಜಾಸ್ತಿ ಆಗಿರಬೇಡ!

"ಇಷ್ಟೆಲ್ಲ ಬರೆದದ್ದು ಯಾರು?"

"ಕುಬ್ಜ ಅಂತ ಒಬ್ಬ ಕವಿ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನಂತೆ."

ಮಗಳು ಎದ್ದು ಮತ್ತೆ ಕಂಬದ ಹತ್ತಿರ ಹೋದಳು. ಕಲ್ಲು ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಆಡಿಸುತ್ತಾ, ತಲೆಯ ಮೇಲೆ ಪೆಟ್ಟಿಗೆ ಹೊತ್ತ ಒಂದು ಅಕ್ಷರ ಬರೆದಳು.