ಸಿಗ್ನಲ್ ಫುಲ್, ನೆಟ್ ಇಲ್ಲ

ಮನೆಗಳ ಇಂಟರ್‌ನೆಟ್ ದೂರುಗಳನ್ನು ಪರಿಶೀಲಿಸುವ ತಂತ್ರಜ್ಞನಾದ ನನ್ನ ಕಿವಿಗೆ ದಿನವೂ ಬೀಳುವ ಮಾತು, 'ಸಿಗ್ನಲ್ ಫುಲ್ ಇದೆ, ಆದರೂ ಮೊಬೈಲ್‌ನಲ್ಲಿ ನೆಟ್ ಬರುತ್ತಿಲ್ಲ' ಎಂಬುದು. ಈ ಮಾತಿನ ಎರಡೂ ಭಾಗಗಳು ಒಟ್ಟಿಗೆ ನಿಜವಾಗಿರಬಲ್ಲವೆಂದು ನಾನು ತಿಳಿದದ್ದು ನನ್ನ ಕೈಯಾರೆ ಕೆಡಿಸಿದ ಒಂದು ಮನೆಯಲ್ಲಿ.

ಆ ಮನೆಯ ಕೆಳಗೆ ರೂಟರ್, ಮಹಡಿಯಲ್ಲಿ ಅದಕ್ಕೆ ಕೇಬಲ್‌ನಿಂದ ಜೋಡಿಸಿದ ಇನ್ನೊಂದು ವೈಫೈ ಪೆಟ್ಟಿಗೆ, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಮಹಡಿಗೆ ಹೋದರೆ ಆಗಾಗ ಕರೆ ತುಂಡಾಗುತ್ತದೆ ಎಂದು ದೂರು ಬಂದಾಗ, ನಾನು ಹೆಚ್ಚು ಯೋಚಿಸದೆ ಕೆಳಗಿನ ರೂಟರಿನ ಪ್ರಸಾರ ಶಕ್ತಿಯನ್ನು ಗರಿಷ್ಠಕ್ಕೇರಿಸಿದೆ. ಮಹಡಿಯಲ್ಲೂ ಸಿಗ್ನಲ್ ಚಿಹ್ನೆ ತುಂಬಿಕೊಂಡಿತು, ಮನೆಯವರಿಗೂ ಸಮಾಧಾನವಾಯಿತು. ಮೂರೇ ದಿನಕ್ಕೆ, ಮೊದಲಿಗಿಂತ ಹೆಚ್ಚು ಕೆಟ್ಟಿದೆ ಎಂದು ಮತ್ತೆ ಕರೆ ಬಂತು.

ಎರಡನೆಯ ಸಲ ಹೋದಾಗ, ಎಲ್ಲರೂ ಮೊದಲು ಮಾಡುವ ಆಫ್‌-ಆನ್ ಕೆಲಸವನ್ನು ಬೇಕೆಂದೇ ಬಿಟ್ಟೆ. ಅದರಿಂದ ದೋಷ ತಾತ್ಕಾಲಿಕವಾಗಿ ಮರೆಯಾಗುವುದಲ್ಲದೆ ಅದರ ಸುಳಿವುಗಳೂ ಅಳಿಸಿಹೋಗುತ್ತವೆ. ಹೊರಗಿನ ಜಾಲತಾಣವನ್ನು ಬಿಟ್ಟು ರೂಟರಿನ ವಿಳಾಸಕ್ಕೇ ಮೊಬೈಲಿನಿಂದ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷೆ) ಹಚ್ಚಿ ಮೆಟ್ಟಿಲು ಹತ್ತತೊಡಗಿದೆ. ರೂಟರೇ ಉತ್ತರಿಸದಿದ್ದರೆ ಹೊರಗಿನ ಲೈನನ್ನು ದೂಷಿಸಿ ಪ್ರಯೋಜನವಿಲ್ಲ. ಕೆಳಗೆ 4 ಮಿಲಿಸೆಕೆಂಡಿಗೆ ಬರುತ್ತಿದ್ದ ಉತ್ತರ ಮೆಟ್ಟಿಲ ತಿರುವಿನಲ್ಲಿ 300 ದಾಟಿ, ಮಹಡಿಯ ಬಾಗಿಲಲ್ಲಿ ನಿಂತೇಹೋಯಿತು. ತಲೆಯ ಮೇಲೆಯೇ ಎರಡನೆಯ ಪೆಟ್ಟಿಗೆ ಮಿನುಗುತ್ತಿದ್ದರೂ ಮೊಬೈಲು ಕೆಳಗಿನ ರೂಟರಿಗೇ ಅಂಟಿಕೊಂಡಿತ್ತು.

ಅಲ್ಲಿಯೇ ನಿಂತು ಎರಡೂ ಕಡೆಯ ಅಳತೆಯನ್ನು ನೋಡಿದೆ: ರೂಟರಿನ ದನಿ ಮೊಬೈಲಿಗೆ -66 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಮಟ್ಟದಲ್ಲಿ ಕೇಳುತ್ತಿತ್ತು, ಮೊಬೈಲಿನ ದನಿ ರೂಟರಿಗೆ -79ರಲ್ಲಿ. ಈ 13 ಡೆಸಿಬೆಲ್ ಅಂತರವೆಂದರೆ ಶಕ್ತಿಯಲ್ಲಿ ಸುಮಾರು ಇಪ್ಪತ್ತು ಪಟ್ಟು ವ್ಯತ್ಯಾಸ. ಪುಟ್ಟ ಬ್ಯಾಟರಿಯ ಮೊಬೈಲು ಗೋಡೆಯ ವಿದ್ಯುತ್ತಿನಲ್ಲಿ ನಡೆಯುವ ರೂಟರಿನಷ್ಟು ಜೋರಾಗಿ ಕೂಗಲಾರದು. ಪರದೆಯ ಚಿಹ್ನೆಯೋ ಮೊಬೈಲಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ ತೋರಿಸುತ್ತದೆ, ಅದರ ಮಾತು ರೂಟರಿಗೆ ತಲುಪಿತೇ ಎಂಬುದನ್ನಲ್ಲ. ಇನ್ನೊಂದು ಸಂಗತಿಯೂ ಇದಕ್ಕೆ ಸೇರಿಕೊಂಡಿತ್ತು. ಬೇರೆ ಪೆಟ್ಟಿಗೆಗೆ ಹೋಗುವ ನಿರ್ಧಾರ ಮುಖ್ಯವಾಗಿ ಮೊಬೈಲಿನದು. ಆ ಮನೆಯಲ್ಲಿದ್ದ ಐಫೋನು, ಆಪಲ್ ಸಂಸ್ಥೆಯೇ ತಿಳಿಸಿರುವಂತೆ, ಸಿಗ್ನಲ್ -70ಕ್ಕಿಂತ ಕೆಳಗಿಳಿದ ಮೇಲಷ್ಟೇ ಬೇರೆ ಪೆಟ್ಟಿಗೆಯನ್ನು ಹುಡುಕತೊಡಗುತ್ತದೆ. ನಾನು ಶಕ್ತಿ ಏರಿಸಿ ಅದು -66ರಲ್ಲೇ ತೃಪ್ತಿಯಿಂದ ಕುಳಿತುಬಿಡುವಂತೆ ಮಾಡಿದ್ದೆ.

ಶಕ್ತಿಯನ್ನು 'ಹೈ'ನಿಂದ 'ಮೀಡಿಯಂ'ಗೆ ಇಳಿಸಿದೆ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಎರಡೂ ಪೆಟ್ಟಿಗೆಗಳು 6ನೆಯ ಚಾನೆಲಿನಲ್ಲೇ (ಆ ಬ್ಯಾಂಡಿನ ಒಂದು ಭಾಗ) ಕಿತ್ತಾಡುತ್ತಿದ್ದುದರಿಂದ ಅವನ್ನು 1 ಮತ್ತು 11ಕ್ಕೆ ಬೇರ್ಪಡಿಸಿದೆ; ಕಬ್ಬಿಣದ ಬೀರುವಿನ ಹಿಂದೆ ಸಿಕ್ಕಿಕೊಂಡಿದ್ದ ರೂಟರನ್ನು ಮುಂದಕ್ಕೆ ತಂದೆ. ಮತ್ತೆ ಪಿಂಗ್ ಹಚ್ಚಿ ಮೆಟ್ಟಿಲು ಹತ್ತಿದಾಗ, ತಿರುವಿನಲ್ಲಿ ಒಂದೇ ಒಂದು ಉತ್ತರ ತಪ್ಪಿ, ಮೊಬೈಲು ಮಹಡಿಯ ಪೆಟ್ಟಿಗೆಗೆ ದಾಟಿಕೊಂಡಿತು.

ವಾರದ ನಂತರ ನಾನೇ ಫೋನ್ ಮಾಡಿ ವಿಚಾರಿಸಿದೆ. ಕರೆಗಳು ತುಂಡಾಗುತ್ತಿಲ್ಲ ಎಂದ ಮನೆಯೊಡತಿ, "ಆದರೆ ಮೆಟ್ಟಿಲ ಹತ್ತಿರ ಮೊದಲು ಫುಲ್ ತೋರಿಸುತ್ತಿತ್ತು ಸರ್, ಈಗ ಒಂದು ಗೆರೆ ಕಡಿಮೆಯಾಗಿದೆ, ಅದನ್ನೂ ಒಮ್ಮೆ ನೋಡಿಬಿಡಿ" ಎಂದರು.