ಯಂತ್ರಕ್ಕಿಂತ ಮೊದಲು ಹುಲ್ಲಿಗಿಳಿದವರು

ದಕ್ಷಿಣ ಜರ್ಮನಿಯ ಕೋಟೆ, ಸರೋವರಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಇಲ್ಲಿ ಹೇಳಬೇಕಿರುವುದು ಅಲ್ಲಿನ ಬವೇರಿಯಾ ರಾಜ್ಯದ ಒಂದು ಸಂರಕ್ಷಿತ ಹುಲ್ಲುಗಾವಲಿನಲ್ಲಿ, ಕೊಯ್ಲಿಗೆ ಮೊದಲು ಡ್ರೋನ್ ಹಾರಿಸಿ ಜಿಂಕೆ ಮರಿಗಳನ್ನು ಹುಡುಕಿ ಉಳಿಸಿದ ಸಂಗತಿ. ಕಾಲ ಜೂನ್ ಮೊದಲ ವಾರ, ಬೆಳಗಿನ ಜಾವ ನಾಲ್ಕು ಗಂಟೆ.

ಇಂಥ ಬಯಲನ್ನು ಕೊಯ್ಯದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಪೊದೆ ಬೆಳೆದು ಹೂಗಿಡಗಳು ಅಳಿಯುತ್ತವೆ. ಹಾಗಾಗಿ ಕೊಯ್ಲು ಬೇಕೇ ಬೇಕು. ಆದರೆ ರೋ ಜಿಂಕೆಗಳು (ಯುರೋಪಿನ ಸಣ್ಣ ಜಾತಿಯ ಜಿಂಕೆ) ಮರಿ ಹಾಕುವುದೂ ಮೇ–ಜೂನ್‌ನಲ್ಲೇ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ಅಪಾಯ ಕಂಡರೆ ಓಡುವುದಿಲ್ಲ, ನೆಲಕ್ಕೆ ಒತ್ತಿಕೊಂಡು ಮಲಗಿಬಿಡುತ್ತದೆ. ನರಿಯಿಂದ ಉಳಿಸುವ ಈ ಗುಣವೇ ಕೊಯ್ಲು ಯಂತ್ರದ ತಿರುಗುವ ಅಲಗಿನ ಮುಂದೆ ಅದರ ಪ್ರಾಣ ತೆಗೆಯುತ್ತದೆ, ಇಲ್ಲವೇ ಕಾಲು ಕತ್ತರಿಸುತ್ತದೆ.

"ಸಾಲಾಗಿ ನಡೆದು ಹುಡುಕಿದರೆ ಸಾಲದೇ?" ಎಂದು ಕೇಳಿದ್ದಕ್ಕೆ ಡ್ರೋನ್ ಹಾರಿಸುತ್ತಿದ್ದವರು ಸಾಲದೆಂದು ತಲೆಯಾಡಿಸಿದರು. "ಎರಡು ಹೆಜ್ಜೆ ಆಚೆ ಮಲಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಎಳೆ ಮರಿಗೆ ವಾಸನೆ ಎಷ್ಟು ಕಡಿಮೆ ಅಂದರೆ ನಾಯಿಯೂ ದಾಟಿಹೋಗುತ್ತದೆ."

ಅವರ ಡ್ರೋನ್‌ಗೆ ಕಟ್ಟಿದ್ದ, ಮೈಯ ಬಿಸಿಯನ್ನು ಗುರುತಿಸುವ ಥರ್ಮಲ್ ಕ್ಯಾಮೆರಾ ಸುಮಾರು 60 ಮೀಟರ್ ಎತ್ತರದಲ್ಲಿ ಪಟ್ಟಿ ಪಟ್ಟಿಯಾಗಿ ಬಯಲನ್ನು ಜಾಲಾಡಿತು. ತಣ್ಣಗಿನ ಹುಲ್ಲಿನ ನಡುವೆ ಮರಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಸಿಕ್ಕೊಡನೆ ಡ್ರೋನ್ ಅಲ್ಲೇ ನಿಂತಿತು, ವಾಕಿಟಾಕಿಯಲ್ಲಿ ದಾರಿ ಕೇಳುತ್ತ ಇಬ್ಬರು ಒಳಗೆ ಹೋದರು. ಕೈಗವಸು ಹಾಕಿ, ಎರಡೂ ಕೈಯಲ್ಲಿ ಹಿಡಿ ತುಂಬ ಹುಲ್ಲು ಕಿತ್ತುಕೊಂಡು, ಮನುಷ್ಯರ ವಾಸನೆ ತಾಗದಂತೆ ಮರಿಯನ್ನು ಎತ್ತಿದರು. ಗಾಳಿಯಾಡುವ ಕ್ರೇಟಿನ ತಳಕ್ಕೂ ಹುಲ್ಲು ಹಾಸಿ, ಬಯಲಂಚಿನ ನೆರಳಿನಲ್ಲಿಟ್ಟು ಮುಚ್ಚಿದರು. ಮುಚ್ಚದಿದ್ದರೆ ಸ್ವಲ್ಪ ದೊಡ್ಡ ಮರಿ ಎದ್ದು ಯಂತ್ರದ ದಾರಿಗೇ ವಾಪಸಾಗುತ್ತದೆ. ಕೊಯ್ಲು ಮುಗಿದ ಕೂಡಲೇ ಬಿಡಬೇಕು. ತಾಯಿ ಹತ್ತಿರದಲ್ಲೇ ಇದ್ದು ಮರಿಯ ಕೂಗಿಗೆ ಬರುತ್ತದೆ.

ಅಂದು ಹುಡುಕಬೇಕಿದ್ದ ಬಯಲುಗಳಲ್ಲಿ ಒಂದು ಮಾತ್ರ ಕೈಕೊಟ್ಟಿತು, ಅದರ ಬೇಸರ ಇನ್ನೂ ಇದೆ. ಅದರ ಸರದಿ ಬರುವಷ್ಟರಲ್ಲಿ ಬಿಸಿಲೇರಿ, ಹೆಗ್ಗಣ ತೋಡಿದಂಥ ಮಣ್ಣಗುಪ್ಪೆ, ಕಲ್ಲು ಎಲ್ಲವೂ ಬೆಚ್ಚಗಾಗಿ ಪರದೆ ತುಂಬ ಬಿಳಿ ಚುಕ್ಕೆ. ಕೊಯ್ಲನ್ನೇ ಮರುದಿನಕ್ಕೆ ಹಾಕಬೇಕಾಯಿತು. ಅನುಮಾನವಿದ್ದಾಗ ಅದೇ ಸರಿ. ಈ ಕೆಲಸಕ್ಕೆ ಇಳಿಯುವುದಾದರೆ ಒಂದು ಬೆಳಿಗ್ಗೆಗೆ ಹಿಡಿಸುವಷ್ಟೇ ಬಯಲು ಒಪ್ಪಿಕೊಳ್ಳಿ. ಹುಡುಕಿದ ಬೆಳಿಗ್ಗೆಯೇ ಕೊಯ್ಯಿರಿ, ರಾತ್ರಿ ಕಳೆದರೆ ತಾಯಿ ಇನ್ನೊಂದು ಮರಿಯನ್ನು ತಂದು ಮಲಗಿಸಿರಬಹುದು. ಆ ಪ್ರದೇಶದಲ್ಲಿ ಬೇಟೆಯ ಹಕ್ಕು ಪಡೆದವರ ಒಪ್ಪಿಗೆಯೂ ಮೊದಲೇ ಇರಲಿ. ಅದಿಲ್ಲದೆ ಮರಿ ಎತ್ತಿದರೆ ಜರ್ಮನಿಯಲ್ಲಿ ಕಳ್ಳಬೇಟೆಯ ಆರೋಪ ಬರಬಹುದು. ಸಂರಕ್ಷಿತ ಪ್ರದೇಶದ ಮೇಲೆ ಡ್ರೋನ್ ಹಾರಿಸಲು ಬೇರೆಯದೇ ಅನುಮತಿ ಬೇಕು.

ಕೊಯ್ದ ರೀತಿಯೂ ಮೆಚ್ಚುವಂಥದ್ದು. ನಡುವಿನಿಂದ ಶುರುಮಾಡಿ ಹೊರಕ್ಕೆ, ನಿಧಾನವಾಗಿ, ಬುಡದಲ್ಲಿ ಹತ್ತು ಸೆಂಟಿಮೀಟರ್ ಬಿಟ್ಟು ಕೊಯ್ದರು. ಅಂಚಿನಿಂದ ಸುತ್ತುತ್ತ ಒಳಗೆ ಬಂದರೆ ಓಡಬಲ್ಲ ಮೊಲಗಳೂ ನಡುವೆ ಸಿಕ್ಕಿಬೀಳುತ್ತವೆ. ಕತ್ತರಿಯಂತೆ ಆಡುವ ಪಟ್ಟಿ ಅಲಗಿನ ಯಂತ್ರ ನಿಧಾನವೆಂದು ಹಲವರು ದೂರುತ್ತಾರೆ. ಆದರೆ ಕಪ್ಪೆ, ಕೀಟಗಳನ್ನು ಕಡಿಮೆ ಕೊಲ್ಲುವುದು ಅದೇ. ವೇಗಕ್ಕಾಗಿ ತಿರುಗುವ ಅಲಗನ್ನು ಇಂಥ ಜಾಗಕ್ಕೆ ತರುವುದು ಒಪ್ಪತಕ್ಕದ್ದಲ್ಲ.